ಮಾರ್ಟಿನ್ ಚಿಕ್ಕಪ್ಪ ಕಾರು ನಿಲ್ಲಿಸಿದ ಜೂನ್

ನಾವು ಸಿಂಗಪುರದ ಹೌಗಾಂಗ್‌ನಲ್ಲಿದ್ದ ಆ ಕಾಲದಲ್ಲಿ ಜೂನ್ ತಿಂಗಳ ರಜೆ ಎಂದರೆ ನನಗೂ ತಮ್ಮ ಅಭಯನಿಗೂ ಶೋಭಾ ಚಿಕ್ಕಮ್ಮನ ಮನೆ. ಎದುರಿನ ಬ್ಲಾಕಿನ ಐದನೆಯ ಮಹಡಿ. ಅಪ್ಪ ಅಮ್ಮ ಎಂಆರ್‌ಟಿ ರೈಲು ಹಿಡಿದು ಆಫೀಸಿಗೆ ಹೋದದ್ದೇ ತಡ, ನಾವು ಬ್ಲಾಕಿನ ಕೆಳಗಿನ ಬಯಲು ಜಾಗವಾದ ವಾಯ್ಡ್ ಡೆಕ್ಕಿನ ತಣ್ಣನೆಯ ನೆಲದ ಮೇಲೆ ಚಪ್ಪಲಿ ಸದ್ದು ಮಾಡುತ್ತ ಓಡಿ ಆಚೆಯ ಲಿಫ್ಟಿನಲ್ಲಿರುತ್ತಿದ್ದೆವು. ಅಮ್ಮನ ತಂಗಿಯಾದ ಚಿಕ್ಕಮ್ಮನೂ ಅಷ್ಟು ಹೊತ್ತಿಗೆ ಬ್ಯಾಂಕಿಗೆ ಹೋಗಿರುತ್ತಿದ್ದಳು. ಮನೆಯಲ್ಲಿರುತ್ತಿದ್ದವರು ಅವಳ ಗಂಡ, ಮಾರ್ಟಿನ್ ಚಿಕ್ಕಪ್ಪ.

ಮಾರ್ಟಿನ್ ಚಿಕ್ಕಪ್ಪ ಇಂಗ್ಲೆಂಡಿನವರು, ರೇಸ್ ಡ್ರೈವರ್. ಟಿ.ವಿ.ಯಲ್ಲಿ ಕಾಣುವ ಸೂಜಿಮೂತಿಯ ಕಾರುಗಳಲ್ಲ, ಟೂರಿಂಗ್ ಕಾರುಗಳು. ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲ ಇರುವ, ನಮ್ಮ ನಿಮ್ಮಂಥವರು ಓಡಿಸುವ ಕಾರೇ ಅದು. ಒಳಗಿನ ಸೀಟುಗಳನ್ನು ಕಿತ್ತು ಕಬ್ಬಿಣದ ಪಂಜರ ಕೂರಿಸಿರುತ್ತಾರೆ. ಅವು ಒಂದಕ್ಕೊಂದು ಉಜ್ಜಿಕೊಂಡು, ಗುದ್ದಿಕೊಂಡು ಓಡುತ್ತವೆ. ನಮ್ಮ ಬ್ಲಾಕಿನ ಕಾರ್‌ಪಾರ್ಕಿನಲ್ಲಿ ನಡೆಯುವಾಗ ಚಿಕ್ಕಪ್ಪ ಯಾವುದೋ ಅಂಕಲ್‌ನ ಬೂದು ಬಣ್ಣದ ಕಾರಿನ ಬೆನ್ನು ಸವರಿ, "ಇದರ ಅಣ್ಣನ ಜೊತೆ ಎರಡು ವರ್ಷ ಸಂಸಾರ ಮಾಡಿದೀನಿ" ಎನ್ನುತ್ತಿದ್ದರು. ಅವರು ಆಡುತ್ತಿದ್ದುದು ಇಂಗ್ಲಿಷ್. ನೆನಪಿನಲ್ಲಿ ಮಾತ್ರ ಅದು ನನಗೆ ಕನ್ನಡದಲ್ಲೇ ಕೇಳಿಸುತ್ತದೆ. ಅವರಿಗೆ ಬರುತ್ತಿದ್ದ ಕನ್ನಡ ನಾಲ್ಕೈದು ಮಾತು: ಬಾ, ಊಟ, ಸಾಕು, ಇನ್ನೂ ಸ್ವಲ್ಪ.

ಊಟದ ಮೇಜನ್ನು ಅವರ ಅಭ್ಯಾಸದ ಸಲಕರಣೆ ಪೂರ್ತಿ ನುಂಗಿತ್ತು. ಮೇಜಿನ ಅಂಚಿಗೆ ಬಿಗಿದ ಸ್ಟೀರಿಂಗು, ಕೆಳಗೆ ಪೆಡಲ್ಲುಗಳು, ಎದುರಿಗೆ ದೊಡ್ಡ ಪರದೆ. ಹಾಗಾಗಿ ನಾವೆಲ್ಲ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಅಡುಗೆಮನೆಯ ಕಿಟಕಿಯಾಚೆ ಬಿದಿರು ಗಳದ ಮೇಲೆ ಚಿಕ್ಕಮ್ಮನ ಚೂಡಿದಾರಗಳ ಪಕ್ಕ ಅವರ ರೇಸಿನ ಬಟ್ಟೆ ಒಣಗುತ್ತಿತ್ತು. ಎಷ್ಟು ಒಗೆದರೂ ಅದರಿಂದ ಸುಟ್ಟ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ನನಗೆ ಆ ವಾಸನೆ ಇಷ್ಟವಾಗಿತ್ತು.

ಅವರ ಕಥೆಯನ್ನು ನಾವು ತುಂಡು ತುಂಡಾಗಿ ಕೇಳಿದ್ದೆವು. ಉತ್ತರ ಇಂಗ್ಲೆಂಡಿನ ಸಣ್ಣ ಊರು, ಅಪ್ಪನ ಗ್ಯಾರೇಜು. ನನಗಿಂತ ಚಿಕ್ಕವರಿದ್ದಾಗಲೇ ಗೋ-ಕಾರ್ಟ್ ಓಡಿಸಿದ್ದರು. ಇಪ್ಪತ್ತು ದಾಟುವಷ್ಟರಲ್ಲಿ ಟೂರಿಂಗ್ ಕಾರು. ಕೆಲವು ರೇಸು ಗೆದ್ದರು. ಒಂದು ವರ್ಷ ಚಾಂಪಿಯನ್ ಆಗುವುದು ಇನ್ನೇನು ಖಚಿತ ಎನ್ನುವಾಗ, ಕೊನೆಯ ವಾರದ ರೇಸಿನಲ್ಲಿ ಹಿಂದಿನವನು ಗುದ್ದಿ ಇವರ ಕಾರು ಪಲ್ಟಿ ಹೊಡೆಯಿತು. ಕುತ್ತಿಗೆಗೆ ಪೆಟ್ಟಾಯಿತು. ಗುಣವಾಗಿ ಬರುವಷ್ಟರಲ್ಲಿ ಅವರ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಆಮೇಲೆ ಒಂದೊಂದು ವರ್ಷ ಒಂದೊಂದು ತಂಡ, ಪ್ರತಿ ಸಲವೂ ಹಿಂದಿನದಕ್ಕಿಂತ ಚಿಕ್ಕದು. ಲಂಡನ್ನಿನಲ್ಲಿ ಕೆಲಸದಲ್ಲಿದ್ದ ಚಿಕ್ಕಮ್ಮ ಅವರಿಗೆ ಸಿಕ್ಕಿದ್ದು ಆ ದಿನಗಳಲ್ಲೇ. ಅವಳಿಗೆ ಸಿಂಗಪುರಕ್ಕೆ ವರ್ಗವಾದಾಗ ಅವರೂ ಬಂದರು. ಏಷ್ಯಾದ ಸಣ್ಣ ಸರಣಿಯೊಂದರಲ್ಲಿ, ಮಲೇಶಿಯಾದ ತಂಡಕ್ಕೆ, ಓಡಿಸುತ್ತಿದ್ದರು.

ನನಗೆ ಹನ್ನೊಂದು ತುಂಬಿದ ಆ ವರ್ಷ ತಂಡದ ಯಜಮಾನ ಖಂಡಿತವಾಗಿ ಹೇಳಿಬಿಟ್ಟಿದ್ದ: ಜೂನ್ ರೇಸಿನಲ್ಲಿ ಮೊದಲ ಮೂವರಲ್ಲಿ ಬರದಿದ್ದರೆ ಉಳಿದ ಸೀಸನ್ನಿಗೆ ಬೇರೆ ಡ್ರೈವರ್. ಮನೆಯಲ್ಲಿ ದೊಡ್ಡವರು ಈ ವಿಷಯವನ್ನು ಮಕ್ಕಳ ಮುಂದೆ ಆಡುತ್ತಿರಲಿಲ್ಲ. ಆದರೆ ನೆಲದ ಮೇಲೆ ಕೂತು ಉಣ್ಣುವ ಮನೆಯಲ್ಲಿ ಯಾವ ಮಾತನ್ನು ಮುಚ್ಚಿಡಲು ಸಾಧ್ಯ?

ಸಂಜೆ ಚಿಕ್ಕಪ್ಪ ನಮ್ಮನ್ನು ಸೈಕಲ್ ಮೇಲೆ ಪುಂಗೋಲ್ ಕಾಲುವೆಯ ದಾರಿಗೆ ಕರೆದೊಯ್ಯುತ್ತಿದ್ದರು. ತಿರುವು ಬಂದಾಗ ಹೇಗೆ ಹೊರಗಿನಿಂದ ಒಳಕ್ಕೆ ಬಂದು ಮತ್ತೆ ಹೊರಕ್ಕೆ ಹರಿಯಬೇಕು ಎಂದು ತೋರಿಸುತ್ತಿದ್ದರು. "ನೀರು ನೋಡು ನಿಧಿ, ನೀರಿಗೆ ಯಾರೂ ಹೇಳಿಕೊಟ್ಟಿಲ್ಲ" ಎನ್ನುತ್ತಿದ್ದರು. ಅಭಯ್ ಪ್ರತಿ ತಿರುವಿನಲ್ಲೂ ಹುಲ್ಲಿಗೆ ನುಗ್ಗಿ, "ಟೂ ಫಾಸ್ಟ್ ಲಾ ಚಿಕ್ಕಪ್ಪಾ!" ಎಂದು ಸಿಂಗಪುರದ ಮಕ್ಕಳ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ದಾರಿಯಲ್ಲಿ ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ನಮಗೆ ಚಾಕೊಲೇಟ್ ರುಚಿಯ ಮೈಲೋ, ಅವರಿಗೆ ಕಾಫಿ. ಒಂದು ಸಂಜೆ ಅವರ ಎಡಗೈಯಿಂದ ಕಾಫಿಯ ಗ್ಲಾಸು ಜಾರಿತು. ಬೀಳುವ ಗ್ಲಾಸನ್ನು ಅವರು ನೋಡಿದ ರೀತಿ ವಿಚಿತ್ರವಾಗಿತ್ತು, ಬೇರೆ ಯಾರೋ ಬೀಳಿಸಿದರೇನೋ ಎಂಬಂತೆ. ಆಮೇಲೆ ನಕ್ಕು ಇನ್ನೊಂದು ಕಾಫಿ ತಂದರು. ಅದನ್ನು ಬಲಗೈಯಲ್ಲಿ ಹಿಡಿದು ಕುಡಿದರು.

ಮಲೇಶಿಯಾದಲ್ಲಿ ನಡೆದ ಆ ರೇಸಿಗೆ ನಾವೆಲ್ಲ ಹೋದೆವು. ಅಪ್ಪ ಬಾಡಿಗೆಗೆ ಕಾರು ತಂದರು. ಸೇತುವೆಯ ಮೇಲೆ ಇಮಿಗ್ರೇಶನ್ನಿನ ಸಾಲು ಆಮೆಯಂತೆ ತೆವಳಿತು. ಅಮ್ಮ ಕೂತಲ್ಲೇ ಪುಳಿಯೋಗರೆಯ ಡಬ್ಬಿ ತೆಗೆದಳು. ಗಡಿ ದಾಟಿದ ಮೇಲೆ ದಾರಿಯುದ್ದಕ್ಕೂ ಡುರಿಯನ್ ಹಣ್ಣಿನ ಗುಡ್ಡೆಗಳು, ಕಿಟಕಿ ಮುಚ್ಚಿದರೂ ಬಿಡದ ಅದರ ನಾತ. ಟ್ರ್ಯಾಕ್ ತಲುಪಿದಾಗ ಆ ನಾತದ ಜಾಗಕ್ಕೆ ಪೆಟ್ರೋಲು, ಬಿಸಿ ಬ್ರೇಕು, ಕಾದ ಡಾಂಬರಿನ ಘಾಟು ಬಂದಿತ್ತು. ಟೈರುಗಳ ರಾಶಿಯ ಹಿಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಚಿಕ್ಕಪ್ಪ ಸ್ಟೀಲ್ ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದರು. ರೇಸಿನ ದಿನ ಅವರ ಹೊಟ್ಟೆಗೆ ಒಗ್ಗುತ್ತಿದ್ದುದು ಅದೊಂದೇ.

ಶನಿವಾರದ ಮೊದಲ ರೇಸಿನಲ್ಲಿ ನಾಲ್ಕನೆಯವರಾಗಿ ಬಂದರು. ಹಿಂದಿನ ಸಾಲಿನಿಂದ ಹೊರಟು ನಾಲ್ಕನೆಯವರು! ಅಪ್ಪ ಕುಣಿದೇಬಿಟ್ಟರು. ಯಜಮಾನ ಬಂದು ಚಿಕ್ಕಪ್ಪನ ಬೆನ್ನು ತಟ್ಟಿದ. "ನಾಳೆ ಇನ್ನೊಂದೇ ಜಾಗ ಮೇಲೆ ಬಂದರೆ ಸಾಕು, ಮಾರ್ಟಿನ್" ಎಂದ. ಆ ಸಂಜೆ ಹೋಟೆಲಿನ ಈಜುಕೊಳದಲ್ಲಿ ಚಿಕ್ಕಪ್ಪ ಅಭಯನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗೆ ಎಸೆದರು, ಮತ್ತೆ ಮತ್ತೆ. ಚಿಕ್ಕಮ್ಮ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. "ಸಾಕು ಮಾಡಿ, ಕುತ್ತಿಗೆ!" ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬೈಯುತ್ತಿದ್ದಳು. ಅವರು "ಇನ್ನೂ ಸ್ವಲ್ಪ" ಎಂದು ಕನ್ನಡದಲ್ಲಿ ಉತ್ತರಿಸುತ್ತಿದ್ದರು. ನಾವು ನಾಲ್ಕು ಜನ ಅಷ್ಟು ನಕ್ಕದ್ದು ಅದೇ ಕೊನೆ.

ಭಾನುವಾರ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಅರ್ಧ ರೇಸು ಮುಗಿಯುವಾಗ ಚಿಕ್ಕಪ್ಪ ಮೂರನೆಯವರಾಗಿದ್ದರು. ನಮ್ಮ ಮುಂದಿನ ನೇರ ರಸ್ತೆಯಲ್ಲಿ ಅವರ ನೀಲಿ ಕಾರು ಕಿರುಚಿಕೊಂಡು ಹಾದುಹೋದಾಗಲೆಲ್ಲ ನಾನೂ ಅಭಯನೂ ಮೂರು ಬೆರಳು ತೋರಿಸುತ್ತಿದ್ದೆವು. ಹಿಂದಿನವನು ಬಹಳ ದೂರದಲ್ಲಿದ್ದ. ಇನ್ನು ಅವರನ್ನು ಯಾರೂ ಹಿಡಿಯುವಂತಿರಲಿಲ್ಲ.

ಮುಂದಿನ ಸುತ್ತಿನಲ್ಲಿ ನೀಲಿ ಕಾರು ನೇರ ರಸ್ತೆಗೆ ಬರಲಿಲ್ಲ. ಪಕ್ಕದ ಸಣ್ಣ ದಾರಿ ಹಿಡಿದು, ನಿಧಾನವಾಗಿ, ತಂಡದ ಗ್ಯಾರೇಜಿನ ಮುಂದೆ ಬಂದು ನಿಂತಿತು. ಮೆಕ್ಯಾನಿಕ್‌ಗಳು ಓಡಿದರು. ಯಜಮಾನ ಬಾಗಿಲು ಎಳೆದು, "ಕಾರಿಗೆ ಏನಾಯ್ತು?" ಎಂದು ಕೂಗಿದ.

"ಕಾರಿಗೆ ಏನೂ ಆಗಿಲ್ಲ" ಎಂದರು ಚಿಕ್ಕಪ್ಪ. ಅವರು ಇಳಿಯಲಿಲ್ಲ. ಎಡಗೈ ತೊಡೆಯ ಮೇಲಿತ್ತು. ಅದನ್ನು ಬಲಗೈಯಿಂದ ಎತ್ತಿ ಸ್ಟೀರಿಂಗಿನ ಮೇಲೆ ಇಟ್ಟರು. ಅದು ಜಾರಿ ಮತ್ತೆ ತೊಡೆಯ ಮೇಲೆ ಬಿತ್ತು.

ನಾವು ತಡೆಗೋಡೆಯ ಹತ್ತಿರ ಓಡಿದ್ದೆವು. ಅಭಯನಿಗೆ ಅಳು ಬಂದಿತ್ತು. "ಯಾಕೆ ಸ್ಟಾಪ್ ಮಾಡಿದ್ರಿ ಚಿಕ್ಕಪ್ಪಾ? ಯೂ ವರ್ ಥರ್ಡ್ ಲಾ! ಥರ್ಡ್!" ಎಂದು ಕೂಗಿದ. ಹೆಲ್ಮೆಟ್ಟಿನೊಳಗಿಂದ ಅವರು ನಮ್ಮ ಕಡೆ ನೋಡಿದರು. ಕಣ್ಣು ಮಾತ್ರ ಕಾಣುತ್ತಿತ್ತು. ಅಮ್ಮ ಅಭಯನ ಬಾಯಿ ಮುಚ್ಚಿ ಎಳೆದುಕೊಂಡು ಹೋದಳು.

ಹಳೆಯ ಪೆಟ್ಟು ಕುತ್ತಿಗೆಯೊಳಗೆ ಸುಮ್ಮನಿರಲಿಲ್ಲ. ಮೂಳೆ ನರವನ್ನು ಒತ್ತುತ್ತ ಬಂದಿತ್ತು. ಇನ್ನೊಂದು ಗುದ್ದು ಬಿದ್ದರೆ ಕತ್ತಿನಿಂದ ಕೆಳಗೆ ಏನೂ ಆಡದು ಎಂದು ಡಾಕ್ಟರು ಹೇಳಿದರು. ಆಪರೇಶನ್ ಮಾಡಿದರು. ಮುಂದೆ ಹಾಳಾಗುವುದು ನಿಂತಿತೇ ಹೊರತು ಹೋದ ಕೈ ಬರಲಿಲ್ಲ. ನೀಲಿ ಕಾರಿನಲ್ಲಿ ಬೇರೆ ಹುಡುಗ ಕೂತ. ವರ್ಷದ ಕೊನೆಗೆ ಅವನು ಗೆದ್ದ ಸುದ್ದಿಯನ್ನು ಚಿಕ್ಕಪ್ಪನೇ ನಮಗೆ ಹೇಳಿದರು, ಹವಾಮಾನ ಹೇಳುವವರ ಹಾಗೆ.

ಅವರು ಮೇಜಿನಿಂದ ಸ್ಟೀರಿಂಗು ಬಿಚ್ಚಿಸಿದ್ದರು. ನಾವು ಮೇಜಿನ ಸುತ್ತ ಕೂತು ಉಣ್ಣತೊಡಗಿದೆವು. ಕಾರ್ಟ್ ಕಲಿಸುವ ಕೆಲಸವಿದೆ ಎಂದು ಅಪ್ಪ ಎಲ್ಲೆಲ್ಲೋ ವಿಚಾರಿಸಿ ಬಂದರು. "ಕೈ ಇಲ್ಲದವನು ಏನು ಕಲಿಸ್ತಾನೆ?" ಎಂದು ಚಿಕ್ಕಪ್ಪ ಮುಖ ತಿರುಗಿಸಿದರು. ಹಗಲೆಲ್ಲ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಚೀನೀ ಅಜ್ಜಂದಿರ ಚದುರಂಗ ನೋಡುತ್ತ ಕೂತಿರುತ್ತಿದ್ದರು. ನಾನು ಶಾಲೆಯಿಂದ ಬರುವಾಗ ಮಾತಾಡಿಸಿದರೆ "ಬಾ" ಎನ್ನುತ್ತಿದ್ದರು. ಆಮೇಲೆ ಮುಂದಿನ ಮಾತು ಹುಡುಕುತ್ತಿದ್ದರು. ನಾನು ಲಿಫ್ಟಿನ ಕಡೆ ಹೆಜ್ಜೆ ಹಾಕುತ್ತಿದ್ದೆ. ಚಿಕ್ಕಮ್ಮ ಮನೆಗೆ ಬರುವ ಹೊತ್ತು ತಡವಾಗುತ್ತ ಹೋಯಿತು. ನನಗೆ ಹದಿಮೂರಾದ ವರ್ಷ ಚಿಕ್ಕಪ್ಪ ಕಾಯಿಲೆಯ ತಾಯಿಯನ್ನು ನೋಡಿ ಬರುತ್ತೇನೆಂದು ಇಂಗ್ಲೆಂಡಿಗೆ ಹೋದರು. ತಾಯಿ ತೀರಿಕೊಂಡ ಮೇಲೂ ಬರಲಿಲ್ಲ.

ಕಳೆದ ವರ್ಷ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ ರೈಲು ಹಿಡಿದು ಅವರ ಊರಿಗೆ ಹೋಗಿದ್ದೆ. ತಮ್ಮ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಗೋಡೆಯ ಮೇಲೆ ಒಂದು ಫೋಟೋ ಇಲ್ಲ, ಕಪಾಟಿನಲ್ಲಿ ರೇಸು ಗೆದ್ದ ಒಂದು ಕಪ್ ಇಲ್ಲ. ಈ ಊರಿನಲ್ಲಿ ನಿಮ್ಮ ರೇಸಿನ ವಿಷಯ ಯಾರಿಗಾದರೂ ಗೊತ್ತಾ ಎಂದು ಕೇಳಿದೆ. "ಗೊತ್ತಿದ್ದವರು ಸತ್ತರು" ಎಂದರು. ಆಗ ಎಲ್ಲೆಲ್ಲಿ ಗೆದ್ದಿರಿ ಎಂದು ಕೆದಕಿದೆ. ಒಂದೆರಡು ಊರಿನ ಹೆಸರು ಹೇಳಿದರು, ತಪ್ಪಿರಬಹುದು ಎಂದು ತಾವೇ ಸೇರಿಸಿದರು. ಹೊರಡುವಾಗ ಬಾಗಿಲಿನಲ್ಲಿ, "ಶೋಭಾ ಚೆನ್ನಾಗಿದ್ದಾಳಾ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ತಲೆಯಾಡಿಸಿ ಬಾಗಿಲು ಮುಚ್ಚಿಕೊಂಡರು. ನಾನಿನ್ನೂ ಮೆಟ್ಟಿಲ ಮೇಲೇ ಇದ್ದೆ.

ಈಗ ಅಪ್ಪ ಅಮ್ಮ ಸಿಂಗಪುರದ ಇನ್ನೊಂದು ತುದಿಯ ಜುರಾಂಗ್ ವೆಸ್ಟಿಗೆ ಶಿಫ್ಟ್ ಆಗಿದ್ದಾರೆ. ಅಭಯ್ ಆಸ್ಟ್ರೇಲಿಯಾದಲ್ಲಿದ್ದಾನೆ, ಕಾರುಗಳ ಮೇಲೆ ಅವನಿಗೆ ಆಸಕ್ತಿಯಿಲ್ಲ. ಚಿಕ್ಕಮ್ಮ ಪುಂಗೋಲ್‌ನ ಸಣ್ಣ ಫ್ಲ್ಯಾಟಿನಲ್ಲಿ ಒಬ್ಬಳೇ. ಎಲ್ಲರೂ ಸೇರಿ ಕೂಡುವ ಮನೆ ಎಂಬುದೊಂದು ನಮಗಿಲ್ಲ. ಹಬ್ಬಕ್ಕೆ ಫೋನು ಮಾಡುತ್ತೇವೆ.

ಇಂಗ್ಲೆಂಡಿನಿಂದ ಬಂದ ಮೇಲಿನ ಮೊದಲ ಭಾನುವಾರ ಮಧ್ಯಾಹ್ನ ಚಿಕ್ಕಮ್ಮನ ಮನೆಗೆ ಹೋದೆ. ಸಾರು ಬಡಿಸುತ್ತ ಕೇಳಿದಳು, "ಹೇಗಿದಾನೆ?"

"ಚೆನ್ನಾಗಿದಾರೆ ಚಿಕ್ಕಮ್ಮ."

"ನನ್ ಹತ್ರ ಹೀಗೆಲ್ಲ ಮ್ಯಾನೇಜ್ ಮಾಡ್ಬೇಡ ಕಣೇ." ಸೌಟನ್ನು ಪಾತ್ರೆಯಲ್ಲಿಟ್ಟು ನನ್ನ ಎದುರು ಕೂತಳು. "ಆ ದಿನ ರೇಸ್ ಸ್ಟಾರ್ಟ್ ಆಗೋಕೆ ಮುಂಚೆ ನಾನೇನು ಕೇಳ್ಕೊಂಡೆ ಗೊತ್ತಾ? ನಿಮ್ಮಮ್ಮ ಅವನು ಗೆಲ್ಲಲಿ ಅಂತ ಕೇಳ್ಕೋತಿದ್ಲು. ನಾನು, ದೇವರೇ, ಇದೇ ಕೊನೇ ರೇಸ್ ಆಗ್ಲಿ, ಇವನನ್ನ ನಂಗೆ ಉಳಿಸ್ಕೊಡು ಅಂದೆ."

ನಾನು ತಟ್ಟೆಯ ಅನ್ನವನ್ನು ಬೆರಳಲ್ಲಿ ಕಲಸುತ್ತ ಕೂತೆ.

"ಅರ್ಧ ಮಾತ್ರ ಕೇಳಿಸ್ತು ದೇವರಿಗೆ" ಎಂದಳು ಚಿಕ್ಕಮ್ಮ. ಆಮೇಲೆ ನನ್ನ ತಟ್ಟೆ ನೋಡಿ, ಅನ್ನ ಆರಿಹೋಯಿತು, ಉಣ್ಣು ಎಂದಳು.