ದಾರಿಗಲ್ಲು, ಮನೆಗಲ್ಲು

ಬೆಳಗಿನ ಚಹಾ ಕುಡಿಯುವ ಮೊದಲು ಶಂಭುಲಿಂಗ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾನೆ. ಕಡ್ಡಿರಾಂಪುರದ ಅವನ ಬಾಡಿಗೆ ಮನೆಯ ಹಿತ್ತಲಿಗೆ ಅಂಟಿಕೊಂಡೇ ಮಲಗಿದ ಎಮ್ಮೆಯಂಥ ಒಂದು ಬಂಡೆ ಇದೆ. ಚಪ್ಪಲಿ ಬಿಟ್ಟು ಅದನ್ನೇರಿ, ಅಂಗಾಲು ಊರಿ, ಕಣ್ಣು ಮುಚ್ಚಿ ವಿರೂಪಾಕ್ಷನಿಗೆ ಕೈ ಮುಗಿಯುತ್ತಾನೆ. ನೋಡಿದವರಿಗೆ ಅದು ಪೂಜೆ. ಪೂಜೆ ಹೌದು, ಕೆಲಸವೂ ಹೌದು. ಇಬ್ಬನಿ ಎಷ್ಟು ಬಿದ್ದಿದೆ, ಕಲ್ಲು ಎಷ್ಟು ಜಾರುತ್ತದೆ, ಇವತ್ತು ಯಾವ ಇಳಿಜಾರಿನಲ್ಲಿ ಜನರನ್ನು ಹತ್ತಿಸಬಹುದು, ಯಾವುದನ್ನು ಬಿಟ್ಟು ಸುತ್ತಿ ಹೋಗಬೇಕು ಎಂಬುದನ್ನು ಅವನಿಗೆ ಅಂಗಾಲೇ ಹೇಳುತ್ತದೆ. ಜ್ವರ ಬಂದ ದಿನವೂ, ತಾಯಿ ತೀರಿಕೊಂಡ ಮರುದಿನವೂ ಅವನು ಇದನ್ನು ತಪ್ಪಿಸಿದವನಲ್ಲ.

"ಚಹಾ ಆರಾಕತ್ತೈತಿ. ಕಲ್ಲಿನ ಜೋಡಿ ಮಾತು ಮುಗೀತೇನ್ರಿ?" ಎಂದು ಹೆಂಡತಿ ಗಂಗಾಂಬಿಕಾ ಒಳಗಿನಿಂದ ಕೂಗುವುದೂ ಅಷ್ಟೇ ತಪ್ಪದ ಮಾತು.

ಅವನದು ಗುಡ್ಡ ತಿರುಗಿಸುವ ಗೈಡ್ ಕೆಲಸ. ಹೊಸಪೇಟೆಯಲ್ಲಿ ಶ್ರೀಪತಿ ಎಂಬ ಯುವಕ ನಡೆಸುವ ಸಣ್ಣ ಚಾರಣ ತಂಡಕ್ಕೆ ಅವನೇ ಹಿರಿಯ ಗೈಡ್. ಕಾರ್ತಿಕದಿಂದ ಶಿವರಾತ್ರಿಯವರೆಗೆ ಸೀಸನ್. ಹಂಪಿಯ ಸುತ್ತಲಿನ ಕಲ್ಲುಗುಡ್ಡಗಳಿಗೆ ಒಂದು ದಿನದ ನಡಿಗೆ, ಸಂಡೂರಿನ ಕಾಡಿಗಾದರೆ ಬೆನ್ನ ಮೇಲೆ ಡೇರೆ ಹೊತ್ತು ಎರಡು ದಿನ. ಉಳಿದ ತಿಂಗಳು ಬಾಳೆತೋಟದ ಕೂಲಿ. ಆದರೆ ಗುಡ್ಡ ಹತ್ತುವ ನಾಲ್ಕು ತಿಂಗಳಲ್ಲೇ ಅವನು ತಾನು ಬದುಕಿದ್ದೇನೆ ಅಂದುಕೊಳ್ಳುವುದು.

ಕಲ್ಲುಗುಡ್ಡದಲ್ಲಿ ಹೆಜ್ಜೆಗುರುತು ಮೂಡುವುದಿಲ್ಲ. ಅದಕ್ಕೇ ದಾರಿ ಕವಲೊಡೆದಲ್ಲೆಲ್ಲ ಗೈಡ್‌ಗಳು ಒಂದರ ಮೇಲೊಂದು ಮೂರು ಕಲ್ಲು ಇಟ್ಟಿರುತ್ತಾರೆ. ತೊಂದರೆ ಏನೆಂದರೆ, ಅದೇ ಗುಡ್ಡಗಳಲ್ಲಿ ಭಕ್ತರೂ ಕಲ್ಲು ಪೇರಿಸುತ್ತಾರೆ. ಸ್ವಂತ ಮನೆ ಆಗಲಿ ಎಂದು ಹರಕೆ ಹೊತ್ತವರು ಪುಟ್ಟ ಮನೆಯ ಹಾಗೆ ಕಲ್ಲು ಜೋಡಿಸಿ, ಕೈ ಮುಗಿದು ಹೋಗುತ್ತಾರೆ. ದಾರಿಗಲ್ಲು ಯಾವುದು, ಮನೆಗಲ್ಲು ಯಾವುದು ಎಂದು ಹೊಸಬರಿಗೆ ತಿಳಿಯದು. ಆದ್ದರಿಂದ ಕವಲಿನ ಬಳಿ ಮನೆಗಲ್ಲು ಕಂಡರೆ ಶಂಭುಲಿಂಗ ಮೊದಲು ನಮಸ್ಕಾರ ಮಾಡಿ, ಒಂದೊಂದೇ ಕಲ್ಲನ್ನು ಎತ್ತಿ, ದಾರಿಯಿಂದ ಇಪ್ಪತ್ತು ಹೆಜ್ಜೆ ಆಚೆ ಇದ್ದ ಹಾಗೆಯೇ ಜೋಡಿಸಿ ಬರುತ್ತಾನೆ. ಯಾರ ಆಸೆಯನ್ನೂ ಕೆಡವಿದ ಹಾಗಾಗಬಾರದು, ದಾರಿಯೂ ತಪ್ಪಬಾರದು. ಉಳಿದ ಗೈಡ್‌ಗಳಿಗೂ ಇದನ್ನು ಕಲಿಸಿದವನು ಅವನೇ.

ಈ ಕಾರ್ತಿಕದ ಎರಡನೆಯ ಸೋಮವಾರ, ಹಾಳು ಮಂಟಪದ ಕೆಳಗಿನ ಕವಲಿನಲ್ಲಿ ಅವನಿಗೆ ಹೊಸ ಮನೆಗಲ್ಲು ಕಂಡಿತು. ಮೂರೇ ಕಲ್ಲು. ಬುಡದ ಕಲ್ಲಿಗೆ ಅರಿಸಿನ, ಮೇಲೆ ಚಾವಣಿಯಂತೆ ಒಂದು ಚಪ್ಪಟೆ ಕಲ್ಲು, ಬಾಗಿಲು ಪೂರ್ವಕ್ಕೆ. ಅದು ಹೆಂಡತಿ ಇಟ್ಟದ್ದೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹಿಂದಿನ ದಿನ ಗುಂಪಿಗೆ ಮಜ್ಜಿಗೆ ಕ್ಯಾನು ತಂದುಕೊಡಲು ಗಂಗಾಂಬಿಕಾ ಅಲ್ಲಿಯವರೆಗೆ ಬಂದಿದ್ದಳು. ಮೊಣಕಾಲು ನೋವಿನಿಂದ ಎರಡು ವರ್ಷವಾಯಿತು, ಅವಳಿಗೆ ಗುಡ್ಡದ ನೆತ್ತಿ ಹತ್ತಲಾಗಿಲ್ಲ. ಹದಿನೈದು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದವಳು, ಹತ್ತಿದಷ್ಟರಲ್ಲೇ ದೇವರಿಗೆ ಹೇಳಿಕೊಂಡಿದ್ದಳು.

ಅದು ತಪ್ಪು ಕವಲಿನ ಬಾಯಲ್ಲೇ ಇತ್ತು. ಶಂಭುಲಿಂಗ ಬಗ್ಗಿ ಚಪ್ಪಟೆ ಕಲ್ಲಿಗೆ ಕೈ ಇಟ್ಟ. ಕೈ ಹಿಂದಕ್ಕೆ ಬಂತು. ಇರಲಿ, ಕಾರ್ತಿಕ ಮುಗಿಯಲಿ, ಆಮೇಲೆ ಸರಿಸಿದರಾಯಿತು ಅಂದುಕೊಂಡ.

ಆ ಭಾನುವಾರ ಹನ್ನೆರಡು ಜನರ ಗುಂಪು. ಅದರಲ್ಲಿ ಹೊಸಪೇಟೆಯ ನಿವೃತ್ತ ಶಿಕ್ಷಕಿ ಪ್ರಿಯಂವದಾ ಇದ್ದರು. ಅರವತ್ತೆರಡು ವರ್ಷ, ಹೊಸ ಬೂಟು, ದೊಡ್ಡ ನಗು. "ಮೂರು ಕಲ್ಲು ಕಂಡ್ರ ಅದೇ ದಾರಿ. ನೆಪ್ಪಿಟ್ಕೋರಿ," ಎಂದು ಶಂಭುಲಿಂಗ ಬುಡದಲ್ಲೇ ಎಲ್ಲರಿಗೂ ಹೇಳಿದ್ದ. ಕವಲಿನಲ್ಲಿ ನಿಂತು, "ಇದು ಹರಕೀ ಕಲ್ಲು, ಈ ಕಡೆ ಬರಬ್ಯಾಡ್ರಿ," ಎಂದೂ ಹೇಳಿದ. ಆದರೆ ಆಗ ಪ್ರಿಯಂವದಾ ಹಿಂದೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಮಂಟಪ ತಲುಪಿ ಎಣಿಸಿದಾಗ ಹನ್ನೊಂದೇ ಜನ.

ಹೊತ್ತು ಇಳಿಯುತ್ತಿತ್ತು. ಸಂಜೆಯಾದರೆ ಬಂಡೆಗಳ ಸಂದಿನಿಂದ ಕರಡಿಗಳು ಹೊರಬೀಳುತ್ತವೆ. "ಯಾರೂ ಇಲ್ಲಿಂದ ಏಳಬ್ಯಾಡ್ರಿ," ಎಂದು ಹೇಳಿ, ಬೂಟು ಕಳಚಿ ಎಸೆದು, ಬರಿಗಾಲಲ್ಲೇ ಓಡಿದ. ಎಲ್ಲಿ ಹುಡುಕಬೇಕೆಂದು ಅವನು ಯೋಚಿಸಲೇ ಇಲ್ಲ. ಅವನಿಗೆ ಗೊತ್ತಿತ್ತು. ಅರಿಸಿನದ ಕಲ್ಲು ದಾಟಿ, ದಾರಿ ಮುಗಿದು ಬಂಡೆ ಬಿರಿದ ಜಾಗಕ್ಕೆ ಬಂದು, "ಟೀಚರಮ್ಮಾ!" ಎಂದು ಕೂಗಿದ. ಎರಡನೆಯ ಕೂಗಿಗೆ ಕೆಳಗಿನಿಂದ "ಓ" ಎಂಬ ಸಣ್ಣ ದನಿ ಬಂತು. ಶಿವನೇ ಎಂದು ಅವನು ಅಂಚಿಗೆ ಬಂದು ಬಗ್ಗಿ ನೋಡಿದ.

ಆಳುದ್ದದ ಸಂದಿನಲ್ಲಿ ಅವರು ಕಾಲು ಚಾಚಿ ಕೂತಿದ್ದರು. ಪಾದದ ಗಂಟು ಬದನೆಕಾಯಿಯ ಹಾಗೆ ಊದಿತ್ತು.

"ಮೂರು ಕಲ್ಲು ಕಂಡ್ರ ಅದೇ ದಾರಿ ಅಂದ್ರಲ್ರಿ ಶಂಭಣ್ಣ! ಮೂವತ್ತು ವರ್ಷ ಹುಡುಗ್ರಿಗೆ, ಹೇಳಿದ್ದು ಕೇಳಂಗಿಲ್ಲೇನ್ರೋ ಅಂತ ಬೈದಾಕಿ ನಾನು. ಇವತ್ತು ಕೇಳಿದ್ದಕ್ಕ ಹಿಂಗಾತು ನೋಡ್ರಿ."

ಅವನಿಗೆ ನಗು ಬರಲಿಲ್ಲ. "ತಪ್ಪು ನಂದು ಟೀಚರಮ್ಮ."

"ಅದನ್ನ ಆಮ್ಯಾಲ ಹೇಳ್ರಿ. ಮೊದ್ಲು ಎತ್ರಿ."

ಅವರನ್ನು ಬೆನ್ನ ಮೇಲೆ ಹೊತ್ತು, ಗುಂಪಿನವರನ್ನು ಕರೆದುಕೊಂಡು, ಕತ್ತಲಾಗುವುದರೊಳಗೆ ಶಂಭುಲಿಂಗ ಗುಡ್ಡ ಇಳಿದ. ಇಳಿಯುವಾಗ ಕವಲಿನಲ್ಲಿ ನಿಂತು ಆ ಮೂರು ಕಲ್ಲನ್ನು ಚೀಲಕ್ಕೆ ಹಾಕಿಕೊಂಡ.

ಮರುದಿನ ಬೆಳಗ್ಗೆ ಹಿತ್ತಲ ಬಂಡೆಯ ಮೇಲೆ ಅವನ ಪಕ್ಕದಲ್ಲಿ ಆ ಕಲ್ಲುಗಳಿದ್ದವು, ಇದ್ದ ಹಾಗೆಯೇ ಜೋಡಿಸಿ, ಬಾಗಿಲು ಪೂರ್ವಕ್ಕೆ. ಚಹಾ ತಂದ ಗಂಗಾಂಬಿಕಾ ಅವನ್ನು ನೋಡಿ ನಿಂತುಬಿಟ್ಟಳು.

"ಆ ಅಮ್ಮ ನೋಡಿ ಹೋದ ಕಲ್ಲು ಇವೇ ಏನ್ರಿ?"

"ಹೂಂ."

"ನನ್ನವು ಅಂತ ಗೊತ್ತಿದ್ದೂ ಬಿಟ್ಟಿದ್ರಿ?"

"ನಿನ್ನ ಮನಿ ಅದು. ಕೆಡವಾಕ ಕೈ ಬರಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೈ ಬರಬೇಕಿತ್ತು. ಸ್ವಾಮಿಗೆ ನಮ್ಮ ಓಣಿ ಗೊತ್ತೈತಿ, ಗುಡ್ಡದ ಮ್ಯಾಲೆ ಇಟ್ರೂ ಅಷ್ಟ, ಹಿತ್ತಲದಾಗ ಇಟ್ರೂ ಅಷ್ಟ. ಪಾಪ, ಆಕಿಗೆ ದಾರಿ ಗೊತ್ತಿದ್ದಿಲ್ಲ." ಲೋಟ ಅವನ ಕೈಗಿತ್ತು, "ಹೋಗಿ ಇದ್ದದ್ದು ಇದ್ದಂಗ ಹೇಳಿ ಬರ್ರಿ," ಎಂದಳು.

ಹೊಸಪೇಟೆಯ ಆಫೀಸಿಗೆ ಅವನು ಹೋದಾಗ ಪ್ರಿಯಂವದಾ ಆಗಲೇ ಬಂದಿದ್ದರು, ಕಾಲಿಗೆ ಪಟ್ಟಿ, ಕೈಯಲ್ಲಿ ಕೋಲು. ಶ್ರೀಪತಿಯ ನಿಯಮ ಎಲ್ಲ ಗೈಡ್‌ಗಳಿಗೂ ಗೊತ್ತು. ಗುಂಪಿನಲ್ಲಿ ಒಬ್ಬರು ತಪ್ಪಿಸಿಕೊಂಡರೂ ಆ ಗೈಡ್‌ಗೆ ಆ ಸೀಸನ್ ಕೆಲಸವಿಲ್ಲ. ತಪ್ಪಿಸಿಕೊಂಡವರದೇ ತಪ್ಪಾದರೆ ಮಾತ್ರ ಬೇರೆ ಮಾತು. ಮೇಜಿನ ಮೇಲೆ ಒಂದು ಹಾಳೆ ಇತ್ತು.

"ಶಂಭಣ್ಣ, ಟೀಚರಮ್ಮ ಬರ್ದು ಕೊಟ್ಟಾರ. ನೀನೂ ಒಂದು ಸಹಿ ಹಾಕಿಬಿಡು. ನಾಳಿ ಸಂಡೂರಿಗೆ ದೊಡ್ಡ ಗುಂಪೈತಿ, ನೀನೇ ಹೋಗ್ಬೇಕು," ಎಂದ ಶ್ರೀಪತಿ. ಅವನ ದನಿಯಲ್ಲಿ ನಿರಾಳತೆಯಿತ್ತು.

ಶಂಭುಲಿಂಗ ಹಾಳೆಯನ್ನು ನಿಧಾನವಾಗಿ ಓದಿದ. ಗೈಡ್ ಹೇಳಿದ್ದನ್ನು ಕೇಳದೆ, ಫೋಟೊ ತೆಗೆಯಲು ನಾನೇ ಗುಂಪು ಬಿಟ್ಟು ಹೋದೆ ಎಂದು ದುಂಡಗಿನ ಅಕ್ಷರದಲ್ಲಿತ್ತು.

"ನನಗೇನಾಗಬೇಕೈತ್ರಿ? ವಯಸ್ಸಾದಾಕಿ, ನಾನೇ ದಾರಿ ತಪ್ಪಿದೆ ಅಂದ್ರ ಯಾರೂ ಅನುಮಾನ ಪಡಂಗಿಲ್ಲ," ಎಂದು ಪ್ರಿಯಂವದಾ ನಕ್ಕರು. "ನನ್ನ ಹೊತ್ತು ಇಳಿಸೀರಿ. ಇಷ್ಟಾರ ಮಾಡಗೊಡ್ರಿ."

ಅವನು ಹಾಳೆಯನ್ನು ಮಡಚಿದ.

"ಬ್ಯಾಡ್ರಿ ಟೀಚರಮ್ಮ. ನೀವು ನಾ ಹೇಳಿದ್ದು ಕೇಳೀರಿ. ಮೂರು ಕಲ್ಲು ಅಂದೆ, ಮೂರು ಕಲ್ಲಿನ ಹಿಂದ ಹೋದ್ರಿ. ಅದು ಹರಕೀ ಕಲ್ಲು. ನೋಡಿಯೂ ಸರಿಸದೇ ಬಿಟ್ಟಾವ ನಾನು. ನಿಮ್ಮ ತಪ್ಪು ಅಂತ ಬರದ್ರ, ನಾಳಿ ಇನ್ನೊಬ್ಬ ಗೈಡೂ, ಇರ್ಲಿ ಬಿಡು ಅಂತ ಕಲ್ಲು ದಾಟಿ ಹೋಗ್ತಾನ."

"ಅಲ್ಲೋ ಮಾರಾಯ," ಶ್ರೀಪತಿ ಎದ್ದು ನಿಂತ, "ಶಿವರಾತ್ರಿ ತನಕ ಏನ್ ಮಾಡ್ತಿ?"

"ಬಾಳಿ ತ್ವಾಟ ಐತಲ್ರಿ ಸಾರ್."

ಮಡಚಿದ ಹಾಳೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಹಿಂದಿರುಗಿಸುವವನಷ್ಟು ಸಂಕೋಚದಿಂದ, ಟೀಚರಮ್ಮನ ಕೈಗೆ ಇಟ್ಟ.