ಮಾವನ ಹೋಟೆಲಿನ ಮೇಲಿನ ಕೋಣೆ

ಸೋದರಮಾವ ಕ್ಯಾಶಿನ ಡ್ರಾಯರನ್ನು ಹೊಟ್ಟೆಯಿಂದ ಮುಚ್ಚುತ್ತಿದ್ದರು. ಒಂದು ಕೈಯಲ್ಲಿ ಚಿಲ್ಲರೆ, ಇನ್ನೊಂದು ಕೈ ಬೀದಿಯಲ್ಲಿ ಹೋಗುವವರನ್ನು ಒಳಗೆ ಕರೆಯಲಿಕ್ಕೆ. ಹಾಗಾಗಿ ಡ್ರಾಯರಿನ ಕೆಲಸ ಹೊಟ್ಟೆಗೇ ಬಿದ್ದಿತ್ತು. ಅಂಗಿಯ ಆ ಜಾಗ ಸದಾ ಸವೆದು ತೆಳ್ಳಗಾಗಿರುತ್ತಿತ್ತು. ಪಾಣೆಮಂಗಳೂರಿನ ಅವರ ಹೋಟೆಲಿಗೆ ಬಂದವರು ಯಾರೂ ಬರೀ ಚಾ ಕುಡಿದು ಹೋದದ್ದಿಲ್ಲ. ಮಗಳ ಸಂಬಂಧ ಎಲ್ಲಿಗೆ ಬಂತು, ಹೆಂಡತಿಯ ಮೊಣಕಾಲು ನೋವು ಕಡಿಮೆಯಾಯಿತೇ ಎಂದೆಲ್ಲ ಮಾವ ವಿಚಾರಿಸುತ್ತಿದ್ದರು, ಅದೂ ಹಿಂದಿನ ಅಡುಗೆಮನೆಗೆ ಕೇಳುವಷ್ಟು ಜೋರಾಗಿ.

ನಮ್ಮ ಕುಟುಂಬಗಳಲ್ಲಿ ಅಕ್ಕನ ಮಕ್ಕಳ ಭಾರ ಸೋದರಮಾವನದು. ನಾನು ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ, ಮಾವನಲ್ಲಿ ಕೇಳು ಎಂದರು. ನನ್ನೊಡನೆ ತುಳುವಿನಲ್ಲೇ ಮಾತಾಡುವ ಮಾವ ದುಡ್ಡಿನ ವಿಷಯ ಬಂದರೆ ಮಾತ್ರ ನಿಧಾನವಾಗಿ, ಬ್ಯಾಂಕಿನಲ್ಲಿ ಕೂತವರ ಹಾಗೆ ಕನ್ನಡಕ್ಕೆ ಹೊರಳುತ್ತಿದ್ದರು.

“ಇದು ಓದಿದರೆ ತಿಂಗಳಿಗೆ ಎಷ್ಟು ಸಿಗ್ತದೆ ಮಗಾ?”

ಕಾಲೇಜಿನವರು ಹೇಳಿದ ಮೊತ್ತವನ್ನೇ ಹೇಳಿದೆ. ಹಾಗಾದರೆ ಸಾಲ ತೆಗೆಯುವ, ತಾನು ಜಾಮೀನು ನಿಲ್ಲುತ್ತೇನೆ ಎಂದರು.

ಆ ಮೊತ್ತವನ್ನು ಕಾಲೇಜಿನವರು ಎಲ್ಲಿಂದ ತಂದಿದ್ದರೋ ದೇವರೇ ಬಲ್ಲ. ಮೂಡುಬಿದಿರೆಯ ಒಂದು ಶಾಲೆಯಲ್ಲಿ ನನಗೆ ಕೌನ್ಸೆಲರ್ ಕೆಲಸ ಸಿಕ್ಕಿತು. ಕೌನ್ಸೆಲಿಂಗ್ ಕೋಣೆಯ ತುಂಬ ಹಳೆಯ ಉತ್ತರಪತ್ರಿಕೆಗಳ ಕಟ್ಟು. ನನ್ನ ಪಾಲಿಗೆ ಪರೀಕ್ಷೆಯ ಕಾವಲು ಮತ್ತು ವಾರ್ಷಿಕೋತ್ಸವದ ಡ್ಯಾನ್ಸು. ಸಂಬಳ ಮಾವನ ಹೋಟೆಲಿನಲ್ಲಿ ದೋಸೆ ಹುಯ್ಯುವವನಿಗಿಂತ ಕಡಿಮೆ. ಆಸ್ಪತ್ರೆಯಲ್ಲಿ ಕೆಲಸ ಬೇಕಾದರೆ ಇನ್ನೂ ಓದಬೇಕು, ಓದಲು ಇನ್ನೊಂದು ಸಾಲ ಬೇಕು. ಕೋರ್ಸಿಗೆ ಸೇರುವ ಮೊದಲೇ ಇದನ್ನು ಹೇಳುವವರು ಒಬ್ಬರೂ ಇರಲಿಲ್ಲವಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಕಂತು ತಪ್ಪಿದಾಗಲೆಲ್ಲ ಬ್ಯಾಂಕಿನವರು ಮಾವನಿಗೆ ಫೋನ್ ಮಾಡುತ್ತಿದ್ದರು.

ಮಾವ ಒಂದು ಮಾತೂ ಬೈಯಲಿಲ್ಲ. ಹೋಟೆಲಿನ ಮೇಲೆ ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ, ಬಣ್ಣ ಹೊಡೆಸಿ, ಶಾಲೆ ಬಿಟ್ಟು ಇಲ್ಲೇ ಸ್ವಂತ ಕೌನ್ಸೆಲಿಂಗಿಗೆ ಕೂತುಕೋ ಎಂದರು. ಕೋಣೆಗೆ ಮೆಟ್ಟಿಲಿದ್ದದ್ದು ಹೋಟೆಲಿನ ಒಳಗೆ, ಅವರ ಮೇಜಿನ ಪಕ್ಕದಲ್ಲೇ. ಮನಸ್ಸಿನ ಕಷ್ಟಕ್ಕೆ ಜೋಯಿಸರಲ್ಲಿ ಹೋಗುವಾಗಲೂ ಬೇರೇನಾದರೂ ನೆವ ಹೇಳುವ ಊರು ನಮ್ಮದು. ಅಂಥವರೊಬ್ಬರು ತಲೆ ತಗ್ಗಿಸಿ ಮೆಟ್ಟಿಲಿನ ಹತ್ತಿರ ಬಂದರೆ ಮಾವನ ಸ್ವರ ಏಳುತ್ತಿತ್ತು.

“ಬನ್ನಿ ಬನ್ನಿ, ಮೇಲೆ ನಮ್ಮ ಹುಡುಗಿಯನ್ನು ಕಾಣ್ಲಿಕ್ಕಾ? ಎಂತ, ನಿದ್ರೆ ಬರುದಿಲ್ವಾ?”

ಕೂತವರೆಲ್ಲ ಇಡ್ಲಿ ಬಿಟ್ಟು ತಿರುಗಿ ನೋಡುತ್ತಿದ್ದರು. ಬಂದವರು ಚಾ ಕುಡಿಯಲೆಂದೇ ಬಂದವರಂತೆ ಒಂದು ಚಾ ಹೇಳಿ, ಕುಡಿದು, ಹೊರಟುಹೋಗುತ್ತಿದ್ದರು. ಮೇಲೆ ಖಾಲಿ ಕುರ್ಚಿಯ ಎದುರು ಕೂತ ನನಗೆ ಎಲ್ಲ ಕೇಳಿಸುತ್ತಿತ್ತು. ಸುಮ್ಮನಿರಿ ಮಾವ ಎಂದು ಎಷ್ಟೋ ಸಲ ಬೇಡಿಕೊಂಡೆ. ಅವರಿಗೆ ಅರ್ಥವೇ ಆಗಲಿಲ್ಲ.

“ಬಂದವರನ್ನು ಮಾತಾಡಿಸದಿದ್ರೆ ಅವರು ಪುನಃ ಬರುದು ಹೇಗೆ ಮಾರಾಯ್ತಿ?”

ಮೂವತ್ತು ವರ್ಷ ಹೋಟೆಲು ನಡೆದದ್ದೇ ಹಾಗೆ. ನನ್ನ ಕೋಣೆ ಖಾಲಿ ಉಳಿದದ್ದೂ ಹಾಗೆಯೇ. ಕಂತು ಅವರೇ ಕಟ್ಟುತ್ತಿದ್ದರು. ಎದುರಿಗೆ ಹೊಸ ಬೇಕರಿಯಾಗಿ ವ್ಯಾಪಾರ ಇಳಿದ ಮೇಲೂ ಕಟ್ಟಿದರು.

ಒಂದು ಮಧ್ಯಾಹ್ನ ಊಟದ ಗಿರಾಕಿಗಳೆಲ್ಲ ಹೋದ ಮೇಲೆ ಮಾವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಆ ಕುರ್ಚಿಯಲ್ಲಿ ಕೂತರು. ಬಾಗಿಲು ಹಾಕಲು ಸನ್ನೆ ಮಾಡಿದರು. ಅವರ ಮೆಲುದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಮಾತು ಕನ್ನಡದಲ್ಲಿತ್ತು.

“ನನಗೆ ನಿದ್ರೆ ಬರುದಿಲ್ಲ ಮಗಾ. ಕೆಳಗೆ ಯಾರಿಗೂ ಹೇಳ್ಬೇಡ.”

ಸ್ವಂತದವರಿಗೆ ನಾವೇ ಕೌನ್ಸೆಲಿಂಗ್ ಮಾಡಬಾರದು ಎಂದು ಓದುವಾಗ ನಮಗೆ ಕಲಿಸಿರುತ್ತಾರೆ. ಮಂಗಳೂರಿನಲ್ಲಿ ಒಳ್ಳೆಯ ಡಾಕ್ಟರರಿದ್ದಾರೆ, ಕರೆದುಕೊಂಡು ಹೋಗುತ್ತೇನೆ ಎಂದೆ. ಬೇರೆಯವರಲ್ಲಿ ಹೇಳಲು ನಾಚಿಕೆಯಾಗುತ್ತದೆ ಎಂದರು, ಊರಿನ ನಿದ್ರೆಯನ್ನೆಲ್ಲ ಹೋಟೆಲಿನ ನಡುವೆ ವಿಚಾರಿಸುತ್ತಿದ್ದ ಆ ಮಾವ. ನಿಯಮ ಬದಿಗಿಟ್ಟು ಕೇಳುತ್ತ ಕೂತೆ. ಬ್ಯಾಂಕು, ಬೇಕರಿ, ತಾನು ಹೋದರೆ ಜಾಮೀನು ಯಾರ ತಲೆಗೆ ಎಂಬ ಚಿಂತೆ. ಹೇಳುತ್ತ ಹೇಳುತ್ತ ಕುರ್ಚಿಯಲ್ಲೇ ನಿದ್ರೆ ಹೋದರು.

ಮರುದಿನ ಬೆಳಿಗ್ಗೆ ಕೆಳಗಿನಿಂದ ಅದೇ ಸ್ವರ ಬಂತು: ಬನ್ನಿ ಬನ್ನಿ, ಎಂತ, ನಿದ್ರೆ ಬರುದಿಲ್ವಾ? ನನಗೆ ನಗು ಬಂತು, ಅಳುವೂ ಬಂತು.

ಆ ಮಳೆಗಾಲದಲ್ಲಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಮಾವ ಹೋದರು. ಅತ್ತೆ ಹೋಟೆಲು ನಿಲ್ಲಿಸಿದರು. ಮೆಟ್ಟಿಲಿಗೆ ದಾರಿ ಬೇಕೆಂದು ಶಟರನ್ನು ನಾನು ಅರ್ಧ ಎತ್ತಿಡುತ್ತಿದ್ದೆ. ಕೆಲವು ವಾರ ಕಳೆದು ಒಬ್ಬ ಹೆಂಗಸು ಬಂದಳು. ಆಮೇಲೆ ಬೆಳ್ತಂಗಡಿಯ ಕಡೆಯ ಒಬ್ಬ ಮೇಷ್ಟ್ರು ಬಂದರು. ಅವರು ಸುತ್ತ ನೋಡಿ, “ಇಲ್ಲಿ ಒಳ್ಳೆದುಂಟು, ಕೆಳಗೆ ಕೇಳುವವರು ಯಾರೂ ಇಲ್ಲ” ಎಂದರು. ಈಗ ದಿನವೂ ಯಾರಾದರೂ ಬರುತ್ತಾರೆ. ಸದ್ದಿಲ್ಲದೆ ಹತ್ತುತ್ತಾರೆ, ಅಳುತ್ತಾರೆ, ಫೀಸು ಕೊಟ್ಟು ಸದ್ದಿಲ್ಲದೆ ಇಳಿಯುತ್ತಾರೆ.

ಕಂತು ಈಗ ತಪ್ಪುವುದಿಲ್ಲ. ಮಾವ ಜಾಮೀನು ನಿಂತ ಸಾಲವನ್ನು ನಾನು ತೀರಿಸುತ್ತಿದ್ದೇನೆ, ಆ ಮೇಜಿನ ಹಿಂದೆ ಮಾವ ಇಲ್ಲದಿರುವುದರಿಂದ.