ಆರಿಸಬೇಡವೆಂದ ಹಸಿರು ದೀಪ

ಈಗ ಮದುವೆ ಮನೆಯಲ್ಲೂ ಡ್ರೋನ್ ಹಾರುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನನ್ನ ತಮ್ಮ ಅಂಥದ್ದೊಂದನ್ನು ಕೈಯಾರೆ ಕಟ್ಟಿದಾಗ ಬಳ್ಳಾರಿಯಲ್ಲಿ ಆ ಹೆಸರೇ ಇರಲಿಲ್ಲ. ಓಣಿಯವರು ‘ನಾಲ್ಕು ಫ್ಯಾನಿಂದು’ ಎನ್ನುತ್ತಿದ್ದರು. ಅದಿರಿನ ಲಾರಿಗಳು ಓಡಾಡಿ ಓಡಾಡಿ, ಪಾರ್ವತಿನಗರದ ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ತೆಳು ಗುಲಾಬಿಯಾಗುತ್ತಿದ್ದ ಕಾಲ.

ತಮ್ಮನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲು ಸಣ್ಣದಾಗಿತ್ತು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದ. ಗಾಂಧಿನಗರದಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ಕುರುಗೋಡಿನ ಕಡೆ ಗುಡ್ಡ ಒಡೆಯುವವರೊಬ್ಬರಿಗೆ ಗುಡ್ಡದ ಫೋಟೊವನ್ನು ಮೇಲಿನಿಂದ ತೆಗೆದುಕೊಡುವ ಮನುಷ್ಯ ಬೇಕು ಎಂದು ಕೇಳಿದ ದಿನದಿಂದ ಅವನಿಗೆ ನಿದ್ದೆ ಇಲ್ಲ. ಸ್ಟೂಲಿನ ಮೇಲೆ ಕೂತೇ ಮುಗಿಯುವ ಬದುಕಿಗೆ ಒಂದು ಬಾಗಿಲು ಕಂಡಿತ್ತು.

“ಗುಡ್ಡ ಹತ್ತಾಕ ನನಗ ಆಗಂಗಿಲ್ಲಕ್ಕ,” ಎಂದ. “ಇದಕ್ಕ ಆಗತೈತಿ.”

ಯಂತ್ರದ ಬಿಡಿಭಾಗಗಳ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಅವನಿಗೆ ಓದಿ ಹೇಳಿದವಳು ನಾನೇ. ಕಾನ್ವೆಂಟಿನಲ್ಲಿ ಕಲಿತದ್ದು ಮದುವೆಯಾದ ಮೇಲೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಸ್ವಿಚ್ ಹಾಕಿದ ಕೂಡಲೇ ಅದು ಆಕಾಶದ ಉಪಗ್ರಹಗಳನ್ನು ಹುಡುಕುತ್ತದೆ; ಸಾಕಷ್ಟು ಸಿಕ್ಕವೆಂದರೆ ಕೆಂಪು ದೀಪ ಹಸಿರಾಗುತ್ತದೆ. ಆ ಗಳಿಗೆಯಲ್ಲಿ ಎಲ್ಲಿ ಇರುತ್ತದೋ ಅದೇ ಅದರ ಮನೆ. ಮುಂದೆ ರಿಮೋಟಿನ ಸಂಪರ್ಕ ತಪ್ಪಿದರೆ ತಾನಾಗಿ ಅಲ್ಲಿಗೆ ವಾಪಸ್ಸು ಬರುತ್ತದೆ. ಆರಿಸಿ ಮತ್ತೆ ಹಚ್ಚಿದರೆ ಹೊಸ ಮನೆ. ನಾವಿಬ್ಬರೂ ಇದಕ್ಕೆ ‘ಮನಿ ಹಿಡಿಯೂದು’ ಎಂದು ಹೆಸರಿಟ್ಟುಕೊಂಡೆವು.

ಮೊದಮೊದಲು ವಿಮಾನ ನಿಲ್ದಾಣದ ಗೋಡೆಯಾಚೆಯ ಬಯಲಿನಲ್ಲಿ ಹಾರಿಸುತ್ತಿದ್ದ. ಒಂದು ಸಂಜೆ ಪೊಲೀಸಪ್ಪ ಹಿಡಿದುಕೊಂಡ. ಸಾಹುಕಾರರ ಹೆಲಿಕಾಪ್ಟರ್ ಇಳಿಯುವ ಜಾಗ, ನಿನ್ನ ಆಟಿಕೆ ಅದರ ರೆಕ್ಕೆಗೆ ಬಡಿದರೆ ಒಳಗಿದ್ದವರ ಗತಿ ಏನು ಎಂದು ಕೇಳಿದನಂತೆ. ಬೈದದ್ದಕ್ಕೆ ತಮ್ಮನಿಗೆ ಬೇಜಾರಾಗಲಿಲ್ಲ; ಆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಎಂದಾದರೂ ಹಾಗಾಗುವಂತಿದ್ದರೆ ತಿಳಿಸಲೆಂದು ಠಾಣೆಯ ನಂಬರನ್ನು ತಾನೇ ಕೇಳಿ ಬರೆದುಕೊಂಡು ಬಂದ. ಆಮೇಲೆ ಸಿರುಗುಪ್ಪದಲ್ಲಿ ನನ್ನ ಗಂಡನ ಮನೆಯವರ ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಕಲಿತ.

ಕುರುಗೋಡಿಗೆ ಹೋಗಿ ತೋರಿಸುವ ದಿನ ಬಂತು. ಹೊಸ ಗಾಡಿ ತಂದರೆ ನಾವು ಪೂಜೆ ಮಾಡಿ, ಎಂಜಿನ್ ಆರಿಸದೆ, ನಿಂಬೆಹಣ್ಣಿನ ಮೇಲೆ ಹಾಯಿಸಿಕೊಂಡೇ ಹೊರಡುತ್ತೇವಲ್ಲ. ಇದಕ್ಕೂ ಹಾಗೇ ಆಗಲಿ ಎಂದೆ. ಮಾಳಿಗೆಯ ಮೇಲೆ ಮಣೆಯಿಟ್ಟು, ನಾಲ್ಕು ತೋಳಿಗೂ ಕುಂಕುಮ ಹಚ್ಚಿದೆ. ಅವನು ಸ್ವಿಚ್ ಹಾಕಿದ. ಆರತಿ ಮುಗಿಯುವಷ್ಟರಲ್ಲಿ ದೀಪ ಹಸಿರಾಯಿತು.

“ಪೂಜಿ ಆಗೇತಿ, ಅಲ್ಲಿ ಹೋಗಿ ಹಾರೋ ಮಟ ಆರಿಸಬ್ಯಾಡಲೇ,” ಎಂದೆ.

ಅವನು ನಕ್ಕ. ಅಲ್ಲಿಗೆ ಹೋಗಿ ಆರಿಸಿ ಹಚ್ಚುತ್ತೇನೆ ಬಿಡು, ದೇವರಿಗೆ ಗೊತ್ತಾಗಲ್ಲ ಎಂದ. ಆಟೋದಲ್ಲಿ ಅದನ್ನು ನನ್ನ ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಗುಡ್ಡದ ಬುಡದಲ್ಲಿ ಎಂಜಿನಿಯರು ಮತ್ತು ನಾಲ್ಕು ಜನ ಕಾಯುತ್ತಿದ್ದರು. ಅವರಲ್ಲೊಬ್ಬ ತಮ್ಮನ ಕಾಲು ನೋಡಿ, ಕುಂಕುಮ ನೋಡಿ, ಇದು ಹಾರತೈತೋ ಹೊಳ್ಳಿ ಗುಡಿಗೆ ಹೋಗತೈತೋ ಎಂದ. ತಮ್ಮ ಅವಸರ ಮಾಡಿದ. ಆರಿಸಿ ಹಚ್ಚುವುದನ್ನು ಮರೆತ. ನೆನಪಿಸಬೇಕಾದ ನಾನು ಬುತ್ತಿಯ ಗಂಟು ಹಿಡಿದುಕೊಂಡು ನಿಂತಿದ್ದೆ.

ಚೆನ್ನಾಗಿಯೇ ಏರಿತು. ದೊಡ್ಡ ಬಂಡೆಯ ಹಿಂದೆ ಹೋದಾಗ ಸಂಪರ್ಕ ತಪ್ಪಿತು. ಬರತೈತಿ ನೋಡ್ರಿ, ತಾನಾಗೇ ಬರತೈತಿ ಎಂದು ತಮ್ಮ ಅವರಿಗೆಲ್ಲ ಹೇಳುತ್ತಿದ್ದ. ಅದು ಬಂಡೆಯ ಮೇಲೆದ್ದು, ನಮ್ಮ ತಲೆಯ ಮೇಲೆ ಹಾದು, ನಿಲ್ಲದೆ ಬಳ್ಳಾರಿಯ ದಿಕ್ಕಿಗೆ ಹೊರಟಿತು.

“ಅಕ್ಕ,” ಎಂದ ಮೆಲ್ಲಗೆ. “ಅದು ನಮ್ಮ ಮನಿಗೆ ಹೊಂಟೈತಿ.”

ಹಾರತೊಡಗಿದರೆ ಅದರ ಬ್ಯಾಟರಿ ಹತ್ತೇ ನಿಮಿಷದ್ದು. ಊರು ಮುಟ್ಟುವುದು ಸಾಧ್ಯವಿರಲಿಲ್ಲ, ಅವನಿಗೂ ಗೊತ್ತಿತ್ತು. ಆದರೂ ಕೂಡಲೇ ಮೊಬೈಲ್ ತೆಗೆದು ಠಾಣೆಗೆ ಫೋನ್ ಮಾಡಿದ. ತನ್ನ ಹೆಸರು, ನಿಂತ ಜಾಗ, ಯಾರ ಗುಡ್ಡ, ಎಲ್ಲ ಹೇಳಿ, ಹೆಲಿಕಾಪ್ಟರ್ ಇಳಿಯುವುದಿದ್ದರೆ ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡ. ಎಂಜಿನಿಯರು ಅವನನ್ನೇ ನೋಡುತ್ತ ನಿಂತಿದ್ದರು.

ಮೂರು ದಿನ ದಾರಿಯ ಹೊಲಗಳಲ್ಲಿ ಕೇಳಿಕೊಂಡು ತಿರುಗಿದೆವು. ಯಂತ್ರ ಸಿಗಲಿಲ್ಲ. ಕೆಲಸದ ಮಾತೂ ಬರಲಿಲ್ಲ.

ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲಿದ್ದಾಗ ನಾನೇ ಎಂಜಿನಿಯರಿಗೆ ಫೋನ್ ಮಾಡಿದೆ. ತಪ್ಪು ಅವನದಲ್ಲ, ನನ್ನ ಪೂಜೆಯದು ಎಂದು ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿದರು.

“ಮಿಶಿನ್ ಹೋತಂತ ಯಾರೂ ಬ್ಯಾಸರ ಮಾಡ್ಕೊಂಡಿಲ್ಲ ಮೇಡಂ. ಇನ್ನೊಂದು ಕೊಡಿಸ್ತಿದ್ವಿ,” ಎಂದರು. “ಆದ್ರ ನಮ್ಮನ್ನ ಕೇಳದೇ ಪೊಲೀಸರಿಗೆ ಫೋನ್ ಮಾಡೋ ಮನಷಾ ನಮ್ಮ ಗುಡ್ಡಕ್ಕ ಆಗಂಗಿಲ್ಲ.”

ಈ ಮಾತನ್ನು ತಮ್ಮನಿಗೆ ನಾನು ಹೇಳಿಲ್ಲ. ಇಷ್ಟು ವರ್ಷವಾದರೂ ಅವನು ಆ ಸ್ಟೂಲಿನ ಮೇಲೇ ಕೂರುತ್ತಾನೆ. ಯಾವಾಗಲಾದರೂ ಆ ದಿನದ ಮಾತು ಬಂದರೆ, ನಿನ್ನ ಪೂಜೆಯಿಂದಲ್ಲ ಬಿಡು, ನಾನೇ ಮರೆತೆ ಎಂದು ನನ್ನನ್ನೇ ಸಂತೈಸುತ್ತಾನೆ. ಆಮೇಲೆ, “ಫೋನ್ ಮಾಡಿದ್ದೊಂದು ಛಲೋ ಆತು ನೋಡಕ್ಕ. ಆವತ್ತು ಅದೊಂದಾದ್ರೂ ನೆಟ್ಟಗ ಮಾಡೀನಿ,” ಎನ್ನುತ್ತಾನೆ.

ಹೌದು ಎನ್ನುತ್ತೇನೆ. ತಪ್ಪೆಲ್ಲ ನನ್ನ ಆರತಿಯದೇ ಎಂಬಂತೆ ತಲೆ ತಗ್ಗಿಸಿ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತೇನೆ.